ಊರು ಬಿಟ್ಟು ಬಂದ ಮೇಲೆ ಸಭೆ, ಸ್ನೇಹ, ನೆರೆಹೊರೆ: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ

ಎಲ್ಲರಿಗೂ ವಂದನೆಗಳು. ನಾವು ಕ್ರೈಸ್ತರು, ಸಭೆಯೆಂದರೆ ನಮ್ಮಲ್ಲಿ ಚರ್ಚಿನ ಭಕ್ತರ ಸಮುದಾಯ. ಪತಿಯವರ ವರ್ಗಾವಣೆಯಿಂದಾಗಿ ನಾವು ಏಳು ತಿಂಗಳ ಹಿಂದೆ ಉಡುಪಿಯಿಂದ ಬೆಂಗಳೂರಿನ ಹೊರವಲಯದ ಬಾಡಿಗೆ ಮನೆಗೆ ಬಂದೆವು. ಮನೆಯಲ್ಲಿ 72 ವರ್ಷದ ಅತ್ತೆ, ಎಂಟನೇ ತರಗತಿಯ ಮಗಳು ಮತ್ತು ಎರಡನೇ ತರಗತಿಯ ಮಗ ಇದ್ದಾರೆ. ಊರಿನಲ್ಲಿ ದೇವಾಲಯದ (ಚರ್ಚಿನ) ಗಂಟೆ ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಇಲ್ಲಿ ಹತ್ತಿರವಿರುವುದು ಇಂಗ್ಲಿಷ್ ಆರಾಧನೆ, ಅದು ಅತ್ತೆಗೆ ಅರ್ಥವಾಗುವುದಿಲ್ಲ. ಕನ್ನಡ ಆರಾಧನೆ ನಡೆಯುವ ದೇವಾಲಯ 16 ಕಿಲೋಮೀಟರ್ ದೂರದಲ್ಲಿದೆ. ಪತಿಯವರಿಗೆ ತಿಂಗಳಲ್ಲಿ ಎರಡು ಭಾನುವಾರ ಕೆಲಸವಿರುತ್ತದೆ. ಮಗಳು ಎಲ್ಲಿಗೂ ಬರುವುದಿಲ್ಲವೆಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಪಕ್ಕದ ಮನೆಯವರು ಒಳ್ಳೆಯವರು, ಆದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆದಾಗ ಹೋಗಬೇಕೋ ಬೇಡವೋ ತಿಳಿಯದೆ ತಲೆನೋವೆಂದು ಸುಳ್ಳು ಹೇಳಿದೆ. ಹೀಗೆ ಮನೆ ಬದಲಾಯಿಸಿದವರು ಹೇಗೆ ಹೊಂದಿಕೊಂಡಿರಿ? ಆನ್‌ಲೈನ್ ಆರಾಧನೆಯಲ್ಲೇ ಇದ್ದುಬಿಟ್ಟರೆ ತಪ್ಪೇ?

ಉತ್ತರ 1 (ಮೂಲ್ಕಿ ಕಡೆಯವರು, ಈಗ ಬೆಂಗಳೂರು)

ಪ್ರಿಯ ಸಹೋದರಿ, ನಿಮ್ಮ ಪ್ರಶ್ನೆ ಓದುತ್ತಿದ್ದಂತೆ 2014ರ ನಮ್ಮ ಮನೆಯೇ ಕಣ್ಣಮುಂದೆ ಬಂತು. ನಮ್ಮಲ್ಲೂ ಅತ್ತೆಯವರಿದ್ದರು, ಇಬ್ಬರು ಮಕ್ಕಳಿದ್ದರು, ಮತ್ತು ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗುವುದೆಂಬ ವಾದ ಶನಿವಾರ ರಾತ್ರಿಯೇ ಶುರುವಾಗುತ್ತಿತ್ತು.

ಮೊದಲು ನಾವು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಐದಾರು ತಿಂಗಳು ವಾರಕ್ಕೊಂದು ದೇವಾಲಯಕ್ಕೆ ಹೋಗಿ, ಮನೆಗೆ ಬಂದು ಊಟಕ್ಕೆ ಕುಳಿತಾಗ ಅದರ ಗುಣದೋಷ ಎಣಿಸುತ್ತಿದ್ದೆವು: ಅಲ್ಲಿ ಪ್ರಸಂಗ (ಬೋಧನೆ) ಚೆನ್ನಾಗಿತ್ತು, ಇಲ್ಲಿ ಹಾಡು ಸಾಲದು, ಮತ್ತೊಂದು ಕಡೆ ಯಾರೂ ಮಾತನಾಡಿಸಲಿಲ್ಲ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ಕೇಸರಿಬಾತು ಮುಗಿಸಿ ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂದು ಎದ್ದು ಬರುವ ರೀತಿ ಅದು. ಒಂದು ಸಭೆಯಲ್ಲಿ ಸತತವಾಗಿ ನಾಲ್ಕು ಭಾನುವಾರ ಕುಳಿತರೂ ಪಕ್ಕದವರು ನಮ್ಮ ಹೆಸರು ಕೇಳಲಿಲ್ಲವೆಂದು ಬಹಳ ದಿನ ನೊಂದುಕೊಂಡಿದ್ದೆ; ನಾನೂ ಅವರ ಹೆಸರು ಕೇಳಿರಲಿಲ್ಲವೆಂಬುದು ತಡವಾಗಿ ಹೊಳೆಯಿತು.

ನಿಮ್ಮ ಅತ್ತೆಯವರು ಕನ್ನಡ ಆರಾಧನೆಯೇ ಬೇಕೆಂದರೆ ಅದನ್ನು ಹಟವೆಂದು ತಿಳಿಯಬೇಡಿ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ನಮ್ಮ ಕರಾವಳಿಯ ಸಭೆಗಳಲ್ಲಿ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿ ಹಾಡುವ ರೂಢಿ ಬೆಳೆಯಿತು. ಮನೆಯಲ್ಲಿ ತುಳು ಮಾತನಾಡಿದರೂ ದೇವರ ಮುಂದೆ ಕನ್ನಡದಲ್ಲೇ ಅಳುವ ತಲೆಮಾರು ಅದು. ಅಷ್ಟೇ ಅಲ್ಲ, ಬೆಂಗಳೂರಿನ ಕನ್ನಡ ಸಭೆಯೂ ನನ್ನ ಅತ್ತೆಗೆ ಕೂಡಲೇ ಒಗ್ಗಲಿಲ್ಲ. ಹಳೆ ಮೈಸೂರು ಸೀಮೆಯ ಸಭೆಗಳಲ್ಲಿ ಅನೇಕವು ಇಂಗ್ಲೆಂಡಿನ ಮೆಥೊಡಿಸ್ಟರ ವೆಸ್ಲಿಯನ್ ಮಿಷನ್ನಿನಿಂದ ಬೆಳೆದವು. 1947ರಲ್ಲಿ ಹುಟ್ಟಿದ ಸಿ.ಎಸ್.ಐ.ಯೊಳಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಈಗ ಎರಡೂ ಕಡೆಯವರಿದ್ದಾರೆ, ಆರಾಧನೆಯ ಕ್ರಮವೂ ಹೆಚ್ಚುಕಡಿಮೆ ಒಂದೇ. ಆದರೆ ಬಾಯಿಪಾಠವಿರುವ ಹಾಡನ್ನು ಬೇರೆ ರಾಗದಲ್ಲಿ ಎತ್ತಿಕೊಂಡ ಕೂಡಲೇ ಅತ್ತೆ ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಆದ್ದರಿಂದ ‘ಕನ್ನಡ ಸಭೆಗೆ ಕರೆದುಕೊಂಡು ಬಂದೆವಲ್ಲ, ಇನ್ನೇನು’ ಎಂದು ಅವರಿಗೆ ಹೇಳಬೇಡಿ. ನಾನು ಹೇಳಿ ಬೈಸಿಕೊಂಡಿದ್ದೇನೆ.

ಆಮೇಲೆ ನಾವು ಒಂದು ಒಪ್ಪಂದ ಮಾಡಿಕೊಂಡೆವು. ಕರ್ತನ ಭೋಜನವಿರುವ (ರೊಟ್ಟಿ, ದ್ರಾಕ್ಷಾರಸ ಹಂಚುವ) ಮೊದಲ ಭಾನುವಾರ ದೂರದ ಕನ್ನಡ ಸಭೆ, ಉಳಿದ ವಾರಗಳಲ್ಲಿ ಹತ್ತಿರದ ಇಂಗ್ಲಿಷ್ ಸಭೆ. ಕೇಳಲು ನ್ಯಾಯವಾಗಿ ಕಂಡರೂ ಎರಡು ದೋಣಿಯಲ್ಲಿ ಕಾಲಿಟ್ಟಂತಾಗಿ ಎರಡೂ ಕಡೆ ನೆಂಟರಾಗಿಯೇ ಉಳಿದೆವು. ಒಂದು ವರ್ಷ ನೋಡಿ, ದೂರವಾದರೂ ಆಗಲಿ ಎಂದು ಕನ್ನಡ ಸಭೆಯಲ್ಲೇ ನಿಂತೆವು.

ಆದರೂ ಅಲ್ಲಿ ನಮ್ಮ ಪರಿಚಯವಾದದ್ದು ಒಂದು ಕಟ್ಟು ಬಸಳೆಯಿಂದ. ಊರಿನಿಂದ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಬಸಳೆಯ ದಂಟನ್ನು ಅತ್ತೆ ಬಾಲ್ಕನಿಯಲ್ಲಿ ಹಳೆಯ ಪೇಂಟ್ ಡಬ್ಬಿಗೆ ನೆಟ್ಟಿದ್ದರು. ಬಳ್ಳಿ ಬಟ್ಟೆ ಒಣಗಿಸುವ ಹಗ್ಗ ಹಿಡಿದು ಆ ತುದಿಯವರೆಗೆ ಹೋಗಿತ್ತು. ಸುಗ್ಗಿ ಹಬ್ಬದ ಆರಾಧನೆಗೆ ಎಲ್ಲರೂ ಏನಾದರೂ ತರಬೇಕೆಂದು ಪ್ರಕಟಿಸಿದಾಗ ನಾನು ಸೇಬು ಕೊಳ್ಳೋಣವೆಂದೆ. ‘ಸೇಬು ನೀನು ಬೆಳೆದೆಯಾ?’ ಎಂದು ಕೇಳಿ ಅತ್ತೆ ಕತ್ತರಿ ತೆಗೆದುಕೊಂಡರು. ಅಂದು ಮೇಜಿನ ಮೇಲೆ ಕುಂಬಳಕಾಯಿ, ಮೊಟ್ಟೆಯ ಬುಟ್ಟಿ, ಕೇಕುಗಳ ನಡುವೆ ನಮ್ಮ ಬಸಳೆ ಬಾಳೆನಾರಿನಲ್ಲಿ ಬಿಗಿಸಿಕೊಂಡು ಮಲಗಿತ್ತು. ಏಲಂ ಕೂಗುವ ಹಿರಿಯರು ಅದನ್ನೆತ್ತಿ, ‘ಇದು ಯಾವುದೋ ಸೊಪ್ಪು, ಐವತ್ತು ರೂಪಾಯಿ’ ಎಂದರು. ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ನೂರು, ಕಿಟಕಿಯ ಪಕ್ಕದಿಂದ ನೂರೈವತ್ತು, ಗಾಯನ ಮಂಡಳಿಯ ಕಡೆಯಿಂದ ಇನ್ನೂರು. ಕೂಗಿದವರೆಲ್ಲ ಹೊರಳಿ ಹೊರಳಿ ಒಬ್ಬರ ಮುಖ ಒಬ್ಬರು ನೋಡತೊಡಗಿದರು. 850 ರೂಪಾಯಿಗೆ ಏಲಂ ನಿಂತಿತು. ಬಸಳೆಗೆ ಅಷ್ಟು ಕೊಡುವವರು ಘಟ್ಟದ ಕೆಳಗಿನವರಲ್ಲದೆ ಮತ್ತಾರು? ಕೊಂಡವರು ಕಾರ್ಕಳದವರು, ಸೋತವರು ಕಾಪುವಿನವರು. ಕಾಪುವಿನವರ ಮನೆ ನಮ್ಮ ಮನೆಯಿಂದ ಮೂರನೆಯ ರಸ್ತೆಯಲ್ಲಿತ್ತು. ಒಂದು ವರ್ಷದಿಂದ ಒಂದೇ ಬಸ್ಸಿನಲ್ಲಿ ಒಂದೇ ದೇವಾಲಯಕ್ಕೆ ಹೋಗಿ ಬರುತ್ತಿದ್ದೆವು!

ಎರಡು ವಾರದ ಬಳಿಕ ಅವರೇ ರಾತ್ರಿ ಫೋನ್ ಮಾಡಿ, ಮಗಳನ್ನು ಹೆರಿಗೆಗೆ ಸೇರಿಸಿದ್ದೇವೆ, ದೊಡ್ಡ ಮೊಮ್ಮಗನನ್ನು ಬೆಳಗಿನ ತನಕ ನಿಮ್ಮಲ್ಲಿ ಬಿಡಬಹುದೇ ಎಂದು ಕೇಳಿದರು. ನಾವು ಈ ಊರಿನವರಾದೆವೆಂದು ನನಗೆ ಅನಿಸಿದ್ದು ಆ ರಾತ್ರಿ. ಅದಕ್ಕೆ ಮುಂಚೆ ನಮ್ಮನ್ನು ಚಹಾಕ್ಕೆ ಕರೆದವರಿದ್ದರು, ನಿಮಗಾಗಿ ಪ್ರಾರ್ಥಿಸುತ್ತೇವೆ ಎಂದವರೂ ಇದ್ದರು. ನಮ್ಮಿಂದ ಒಂದು ಉಪಕಾರವಾಗಬೇಕೆಂದು ಕೇಳಿದವರು ಮಾತ್ರ ಇರಲಿಲ್ಲ. ಹಾಗಾಗಿ ನಿಮಗೆ ನಾನು ಹೇಳುವುದು ಒಂದೇ. ಎಲ್ಲಿ ಪ್ರಸಂಗ ಚೆನ್ನಾಗಿದೆ ಎಂದು ತೂಗುವುದನ್ನು ಬಿಟ್ಟು, ಎಲ್ಲಿ ನಿಮ್ಮ ಕೈಗೆ ಕೆಲಸ ಬರುತ್ತದೆಯೋ ಅಲ್ಲಿ ನಿಲ್ಲಿ. ತಾನಾಗಿ ಬರದಿದ್ದರೆ ಸಭಾಪಾಲಕರಾದ ಅಯ್ಯನವರ ಬಳಿ ಹೋಗಿ ಕೇಳಿ ತೆಗೆದುಕೊಳ್ಳಿ. ಸಂಡೇ ಸ್ಕೂಲಿನ ಹಾಜರಿ ಬರೆಯುವುದಾಗಲಿ, ಕ್ರಿಸ್ಮಸ್ ಕ್ಯಾರಲ್ ತಂಡಕ್ಕೆ ಒಂದು ರಾತ್ರಿ ಊಟ ಹಾಕುವುದಾಗಲಿ, ಚಿಕ್ಕದಾದರೂ ಪರವಾಗಿಲ್ಲ. ನೀವೂ ಬೇರೆಯವರಿಂದ ಉಪಕಾರ ಕೇಳಲು ಸಂಕೋಚಪಡಬೇಡಿ.

ಉತ್ತರ 2 (ಬಂಟ್ವಾಳದವರು, ಈಗ ಮೈಸೂರು)

ನಾವು ಕಥೋಲಿಕರು. ಮನೆ ಯಾವ ಧರ್ಮಕೇಂದ್ರದ (ಪ್ಯಾರಿಷ್) ಗಡಿಯೊಳಗಿದೆಯೋ ಅದೇ ನಮ್ಮ ಧರ್ಮಕೇಂದ್ರವಾಗುವುದರಿಂದ ಸಭೆ ಹುಡುಕುವ ಕಷ್ಟ ನಮಗೆ ಅಷ್ಟಿಲ್ಲ. ಆದರೂ ಬಂದ ಹೊಸತರಲ್ಲಿ, ದೊಡ್ಡ ಇಗರ್ಜಿ (ಚರ್ಚು) ಎಂಬ ಆಸೆಗೆ, ಮಕ್ಕಳನ್ನು ಕಟ್ಟಿಕೊಂಡು ವಾರ ವಾರವೂ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ ಹೋಗುತ್ತಿದ್ದೆವು. ಗೋಪುರ ನೋಡಿ ಮಕ್ಕಳಿಗೆ ಸಂತೋಷ. ನಮ್ಮ ಬೀದಿಯ ಕ್ರೈಸ್ತರು ಯಾರೆಂಬುದು ಮಾತ್ರ ಎಂಟು ತಿಂಗಳಾದರೂ ಗೊತ್ತಾಗಲಿಲ್ಲ. ಗೊತ್ತಾದದ್ದು ನೆರೆಯ ಕೆಲವು ಮನೆಗಳು ಸೇರುವ ಕಿರು ಕ್ರೈಸ್ತ ಸಮುದಾಯದ ಕೂಟಕ್ಕೆ ಹೋದ ಮೇಲೆ. ಅಕ್ಟೋಬರ್‌ನಲ್ಲಿ ಮನೆಯಿಂದ ಮನೆಗೆ ಜಪಸರ (ಮಣಿ ಎಣಿಸುತ್ತ ಮಾಡುವ ಮರಿಯಮ್ಮನ ಪ್ರಾರ್ಥನೆ) ನಡೆಯುವಾಗ ಎಲ್ಲರೂ ‘ನಮೋ ಮರಿಯಾ’ ಎಂದು ಎತ್ತಿಕೊಂಡರೆ ನನ್ನ ಬಾಯಿಗೆ ಕೊಂಕಣಿಯ ‘ನಮಾನ್ ಮರಿಯೆ’ಯೇ ಬರುತ್ತಿತ್ತು. ತುಟಿ ಬಿಗಿ ಹಿಡಿದು ಕುಳಿತಿದ್ದ ನನ್ನನ್ನು ನೋಡಿ ಆ ಮನೆಯ ಅಜ್ಜಿ, ಅವರು ತಮಿಳಿನವರು, ‘ನಿನ್ನ ಭಾಷೆಯಲ್ಲೇ ಹೇಳಮ್ಮ, ಮಾತೆಗೆ ತಿಳಿಯುತ್ತದೆ’ ಎಂದರು. ಈಗ ನಮ್ಮ ಕೂಟದಲ್ಲಿ ಪ್ರತಿ ಹತ್ತರಲ್ಲಿ ಒಂದು ಪ್ರಾರ್ಥನೆ ಕೊಂಕಣಿಯಲ್ಲಿ ನಡೆಯುತ್ತದೆ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಳ ಜನ್ಮದಿನ, ಹೊಸ ತೆನೆಯ ಹಬ್ಬ) ಅಣ್ಣ ಊರಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಅಂಚೆಯಲ್ಲಿ ಕಳುಹಿಸುತ್ತಾನೆ. ಲಕೋಟೆ ತೆರೆಯುವಷ್ಟರಲ್ಲಿ ಭತ್ತ ಅರ್ಧ ಉದುರಿರುತ್ತದೆ. ಅದನ್ನು ಆರಿಸಿ, ಸಿಪ್ಪೆ ಸುಲಿದು, ಹಾಲಿಗೆ ಹಾಕಿ ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತೇವೆ. ಮೊದಲ ವರ್ಷ ನಾಲ್ಕೇ ಜನ ಬಾಗಿಲು ಹಾಕಿಕೊಂಡು ಕುಡಿದೆವು, ಅತ್ತೆವು ಕೂಡ. ಈಗ ಆ ಅಜ್ಜಿಯ ಮನೆಯವರೂ ಬರುತ್ತಾರೆ. ಭತ್ತದ ಕಾಳು ಮಾತ್ರ ಅಷ್ಟೇ ಇರುತ್ತದೆ.

ನೆರೆಹೊರೆಯ ವಿಷಯ. ತಲೆನೋವಿನ ಸುಳ್ಳನ್ನು ನಾನೂ ಹೇಳಿದ್ದೆ, ಒಂದಲ್ಲ, ಎರಡು ಸಲ. ಮೂರನೆಯ ವರ್ಷ ಹಬ್ಬದ ಹಿಂದಿನ ದಿನವೇ ಪಕ್ಕದ ಮನೆಗೆ ಹೋಗಿ, ‘ನಿಮ್ಮ ಮನೆಗೆ ಬರಲು ನನಗೆ ಸಂತೋಷ, ಆದರೆ ಪೂಜೆಯಲ್ಲಿ ಪಾಲ್ಗೊಳ್ಳುವುದು ನಮ್ಮ ನಂಬಿಕೆಯಲ್ಲಿ ಇಲ್ಲ, ಕುಂಕುಮವನ್ನೂ ಇಡುವುದಿಲ್ಲ, ತಪ್ಪು ತಿಳಿಯಬೇಡಿ’ ಎಂದು ನೇರವಾಗಿ ಹೇಳಿದೆ. ಆ ಅಮ್ಮ, ‘ಇಷ್ಟಕ್ಕೇನಾ ಎರಡು ವರ್ಷ ತಲೆನೋವು ಬಂದದ್ದು?’ ಎಂದು ನಕ್ಕುಬಿಟ್ಟರು. ಸಂಜೆ ಪೂಜೆ ಮುಗಿದ ಮೇಲೆ ಹೋಗಿ, ಹೂವು ಹಣ್ಣು ತೆಗೆದುಕೊಂಡು, ಕೋಸಂಬರಿ ತಿಂದು ಬಂದೆ. ಪ್ರಸಾದದ ವಿಷಯದಲ್ಲಿ ಎಲ್ಲ ಕ್ರೈಸ್ತರ ಅಭಿಪ್ರಾಯ ಒಂದೇ ಅಲ್ಲ. ಅದನ್ನು ನಿಮ್ಮ ಮನಸ್ಸಾಕ್ಷಿ ಕೇಳಿ ತೀರ್ಮಾನಿಸಿ, ಆದರೆ ಹಬ್ಬದ ದಿನ ಬಾಗಿಲಲ್ಲಿ ನಿಂತು ತೀರ್ಮಾನಿಸಬೇಡಿ. ಡಿಸೆಂಬರ್‌ನಲ್ಲಿ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ತಟ್ಟೆ ಕೊಡುವಾಗ ಅವರು ಸಸ್ಯಾಹಾರಿಗಳಾದ್ದರಿಂದ ಕೇಕನ್ನೂ, ಮೊಟ್ಟೆ ಹಾಕಿದ ಬೇರೆ ತಿಂಡಿಯನ್ನೂ ಬಿಟ್ಟು, ನೆವ್ರಿ, ಚಕ್ಕುಲಿ, ಗುಳಿಯೊ ಇಡುತ್ತೇನೆ, ಅದನ್ನು ಹೇಳಿಯೇ ಕೊಡುತ್ತೇನೆ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅವರು ಅದರಲ್ಲಿ ಸಕ್ಕರೆ ಹಾಕಿ ಕಳುಹಿಸುತ್ತಾರೆ.

ಉತ್ತರ 3 (ಹುಬ್ಬಳ್ಳಿ)

ನಿಮ್ಮ ಮಗಳ ಪರವಾಗಿ ಎರಡು ಮಾತು ಬರೆಯುತ್ತೇನೆ. ನನಗೀಗ 23 ವರ್ಷ. ನಮ್ಮ ತಂದೆ ಸಭಾಪಾಲಕರು. ಅಯ್ಯನವರ ಮಕ್ಕಳಿಗೆ ಮನೆ ಬದಲಾಯಿಸುವುದೆಂದರೆ ಸಮವಸ್ತ್ರ ಬದಲಾಯಿಸಿದ ಹಾಗೆ. ನಾಲ್ಕು ಊರು, ಐದು ಶಾಲೆ ಕಂಡಿದ್ದೇನೆ. ಎಂಟನೇ ತರಗತಿಯಲ್ಲಿ ಗದಗ ಬಿಟ್ಟು ಬಂದಾಗ ನನ್ನನ್ನು ಹೆಚ್ಚು ಕಾಡಿದ್ದು ಒಂಟಿತನವಲ್ಲ. ದಿನಾಲೂ ಶಾಲೆಯಿಂದ ಬಂದ ಕೂಡಲೇ ಅವ್ವ ಕೇಳುತ್ತಿದ್ದ ‘ಇವತ್ತು ಯಾರಾದರೂ ಗೆಳತಿಯರಾದರೇ?’ ಎಂಬ ಪ್ರಶ್ನೆ. ಇಲ್ಲವೆಂದರೆ ಅವಳ ಮುಖ ಸಪ್ಪಗಾಗುತ್ತಿತ್ತು, ಹಾಗಾಗಿ ಇಲ್ಲದ ಗೆಳತಿಯರನ್ನು ಹುಟ್ಟಿಸಿ ಹೇಳುತ್ತಿದ್ದೆ. ದಯವಿಟ್ಟು ಅದನ್ನು ಕೇಳಬೇಡಿ. ಹಳೆಯ ಗೆಳತಿಯೊಂದಿಗೆ ಫೋನಿನಲ್ಲಿ ಮಾತನಾಡಲು ಬಿಡಿ, ಹಳೆಯದು ಗಟ್ಟಿಯಾಗಿದ್ದರೆ ಹೊಸದಕ್ಕೆ ಧೈರ್ಯ ಬರುತ್ತದೆ. ಭಾನುವಾರ ಅಪ್ಪ-ಅಮ್ಮನ ನಡುವೆ ಕೂಡಿಸಿಕೊಳ್ಳುವ ಬದಲು ಗಾಯನ ಮಂಡಳಿಗೋ ಯೌವನಸ್ಥರ ಸಂಘಕ್ಕೋ ಒಂದು ಸಲ ಪರಿಚಯ ಮಾಡಿಸಿ ನೀವು ದೂರ ಸರಿಯಿರಿ. ದೇವರ ಮೇಲೆ ಸಿಟ್ಟಾಗಿದೆ ಎಂದರೆ ಬೈಬಲ್ ವಾಕ್ಯ ಓದಿಸಲು ಹೋಗಬೇಡಿ. ನನಗೂ ಸಿಟ್ಟಿತ್ತು, ಸುಮಾರು ಎರಡು ವರ್ಷ.

ಉತ್ತರ 4 (ಕುವೈತ್‌ನಿಂದ ಮರಳಿದವರು, ಉಡುಪಿ)

ಕುವೈತ್‌ನಲ್ಲಿ ಶುಕ್ರವಾರ ರಜೆ, ಆದ್ದರಿಂದ ನಮ್ಮ ಆರಾಧನೆಯೂ ಶುಕ್ರವಾರವೇ ನಡೆಯುತ್ತಿತ್ತು. ವಾರದ ಯಾವ ದಿನವೆಂಬುದಕ್ಕಿಂತ ಮನೆಯವರೆಲ್ಲ ಜೊತೆಯಲ್ಲಿರುವುದು ಮುಖ್ಯವೆಂದು ಅಲ್ಲೇ ಕಲಿತೆ. ನಿಮ್ಮ ಪತಿಯವರಿಗೆ ಭಾನುವಾರ ಕೆಲಸವಿದ್ದರೆ ಆ ವಾರದ ಕುಟುಂಬ ಪ್ರಾರ್ಥನೆಯನ್ನು ಅವರೇ ನಡೆಸಲಿ, ಯಾವ ದಿನವಾದರೂ ಸರಿ, ಹತ್ತು ನಿಮಿಷ ಸಾಕು. ಆನ್‌ಲೈನ್ ಆರಾಧನೆ ಕೇಳಿದಿರಿ. 2020ರಲ್ಲಿ ಅದು ನಮ್ಮನ್ನು ಉಳಿಸಿತು, ನಿಜ. ಆದರೆ ಮರುವರ್ಷ ನಾನು ಹಲ್ಲುಜ್ಜದೆ, ಹೊದಿಕೆಯೊಳಗೆ, ಪ್ರಸಂಗವನ್ನು ವೇಗ ಹೆಚ್ಚಿಸಿ ಕೇಳುವ ಮಟ್ಟಕ್ಕೆ ಬಂದಿದ್ದೆ. ಅತ್ತೆಯವರಿಗೆ ಮೈ ಸರಿಯಿಲ್ಲದ ದಿನಕ್ಕೆ ಅದನ್ನು ಇಟ್ಟುಕೊಳ್ಳಿ.

ಇನ್ನೊಂದು ವಿಷಯ: ಊರಿಗೆ ಮರಳಿದವರೂ ಹೊಸಬರೇ. ನಾನು ಹದಿನೆಂಟು ವರ್ಷದ ಮೇಲೆ ಬಂದು ನಮ್ಮ ಹಳೆಯ ಬೆಂಚಿನಲ್ಲಿ ಕುಳಿತಾಗ ಒಬ್ಬ ಹುಡುಗ ಬಂದು, ‘ಅಂಕಲ್, ಮೊದಲ ಸಲ ಬಂದಿರಾ?’ ಎಂದು ಕೇಳಿದ.

ಉತ್ತರ 1 ಬರೆದವರಿಂದ ಮತ್ತೆ

ಬರೆಯಲು ಮರೆತ ಒಂದು ಸಂಗತಿ ಇದೆ. ಊರಿನ ಸಭೆಯಿಂದ ಸದಸ್ಯತ್ವ ವರ್ಗಾವಣೆಯ ಪತ್ರವನ್ನು ತರಿಸಿಕೊಂಡು ಹೊಸ ಸಭೆಯ ದಾಖಲೆಯಲ್ಲಿ ಮನೆಯವರೆಲ್ಲರ ಹೆಸರು ಬರೆಸಿ. ಮಕ್ಕಳನ್ನು ಸಭೆಯ ಪೂರ್ಣ ಸದಸ್ಯರಾಗಿ ಸೇರಿಸುವ ದೃಢೀಕರಣಕ್ಕೆ, ಮದುವೆಯ ಪ್ರಕಟಣೆಗೆ, ಕೊನೆಗೆ ಸಮಾಧಿಯ ಜಾಗಕ್ಕೂ ಆ ಹೆಸರು ಎಲ್ಲಿದೆ ಎಂದು ಕೇಳುತ್ತಾರೆ. ನಾವು ಇಂದು ನಾಳೆ ಎಂದು ಮೂರು ವರ್ಷ ತಳ್ಳಿದೆವು. ಅತ್ತೆಯವರು ಆಸ್ಪತ್ರೆಯಲ್ಲಿದ್ದಾಗ ನನ್ನ ಪತಿ ಆ ಪತ್ರಕ್ಕಾಗಿ ರಾತ್ರಿ ಬಸ್ಸು ಹತ್ತಿ ಮೂಲ್ಕಿಗೆ ಹೋಗಬೇಕಾಯಿತು. ಬಸಳೆಯ ಡಬ್ಬಿಗೆ ಆ ಎರಡು ದಿನ ನೀರು ಹಾಕಿದವರು ಮೂರನೆಯ ರಸ್ತೆಯವರು. ನಿಮಗೆ ದಂಟು ಬೇಕಿದ್ದರೆ ತಿಳಿಸಿ, ಕೊಡುತ್ತೇನೆ.