ಬೈಕ್‌ನಿಂದ ಬಿದ್ದ ಮೇಲೆ ತೋಳು ಎತ್ತಲಾಗುತ್ತಿಲ್ಲ: ನರದ ಗಾಯಕ್ಕೆ ಎಷ್ಟು ದಿನ ಕಾಯಬೇಕು?

ಕೇಳಿದವರು

ತಮ್ಮನಿಗೆ 24 ವರ್ಷ. ಮೂರು ವಾರದ ಹಿಂದೆ ಬೈಕ್ ಸ್ಕಿಡ್ ಆಗಿ ಬಲಭುಜ ನೆಲಕ್ಕೆ ಬಡಿಯಿತು. ಕಾಲರ್ ಬೋನ್ ಮುರಿದಿತ್ತು, ಪ್ಲೇಟ್ ಹಾಕಿದ್ದಾರೆ. ಈಗ ಭುಜ ಎತ್ತಲು ಬರುತ್ತಿಲ್ಲ, ಮೊಣಕೈ ಮಡಚಲೂ ಬರುತ್ತಿಲ್ಲ. ಬೆರಳು, ಮಣಿಕಟ್ಟು ಚೆನ್ನಾಗಿ ಆಡುತ್ತವೆ. ತೋಳಿನ ಹೊರಭಾಗ ಮತ್ತು ಹೆಬ್ಬೆರಳ ಕಡೆ ಮರಗಟ್ಟಿದ ಹಾಗಿದೆ. "ಬ್ರೇಕಿಯಲ್ ಪ್ಲೆಕ್ಸಸ್‌ಗೆ (ಕುತ್ತಿಗೆಯಿಂದ ತೋಳಿಗೆ ಹೋಗುವ ನರಗಳ ಜಾಲಕ್ಕೆ) ಏಟಾಗಿದೆ, ಆರು ತಿಂಗಳು ನೋಡೋಣ" ಎಂದಿದ್ದಾರೆ. ಇನ್ನೊಂದು ಕಡೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತೇವೆ, ಇದು ರಿಸರ್ಚ್ ಚಿಕಿತ್ಸೆ ಎಂದು ದೊಡ್ಡ ಮೊತ್ತ ಕೇಳಿದ್ದಾರೆ. ಕಾಯಬೇಕೇ? ಯಾವ ಟೆಸ್ಟ್ ಯಾವಾಗ ಮಾಡಿಸಬೇಕು? ತಿಳಿದವರು ಹೇಳಿ.

ಕೈ ಮತ್ತು ನರ ಶಸ್ತ್ರಚಿಕಿತ್ಸೆ ವಿಭಾಗದಿಂದ

ಸುಮ್ಮನೆ ಆರು ತಿಂಗಳು ಕೂರಬೇಡಿ. ನರ ತಾನಾಗಿ ಬರುತ್ತದೆಯೇ ಎಂದು ಕಾಯುವುದು ತಪ್ಪಲ್ಲ. ಆದರೆ ಆ ಅವಧಿಯಲ್ಲಿ ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು, ಮೂರನೇ ತಿಂಗಳ ಕೊನೆಗೆ ಆಪರೇಷನ್ ಬೇಕೋ ಬೇಡವೋ ಎಂಬ ತೀರ್ಮಾನ ಆಗಬೇಕು.

ಕಾರಣ ಲೆಕ್ಕದಲ್ಲಿದೆ. ತುಂಡಾದ ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ತಿಂಗಳಿಗೆ ಒಂದಿಂಚು. ಆ ಬೆಳವಣಿಗೆ ಶುರುವಾಗಲೇ ಕೆಲವು ವಾರ ಬೇಕು. ಇತ್ತ ನರದ ಸಂಪರ್ಕ ಕಡಿದ ಸ್ನಾಯು ಸೊರಗುತ್ತಾ ಹೋಗಿ, 12ರಿಂದ 18 ತಿಂಗಳಲ್ಲಿ ನರ ಬಂದು ತಲುಪಿದರೂ ಸ್ಪಂದಿಸದ ಸ್ಥಿತಿಗೆ ಬರುತ್ತದೆ. ಕುತ್ತಿಗೆಯಿಂದ ರಟ್ಟೆಯ ಬೈಸೆಪ್ಸ್‌ವರೆಗೆ 20 ಸೆಂಟಿಮೀಟರ್ ಹಿಡಿದರೂ 200 ದಿನ. ಕುತ್ತಿಗೆಯಿಂದ ಅಂಗೈವರೆಗೆ 60 ಸೆಂಟಿಮೀಟರ್‌ಗೂ ಹೆಚ್ಚು, ಎರಡು ವರ್ಷದ ಹತ್ತಿರ. ದೊಡ್ಡವರಲ್ಲಿ ಕೈಬೆರಳಿನ ಸಣ್ಣ ಸ್ನಾಯುಗಳು ಕುತ್ತಿಗೆಯ ನರಬೇರಿನ ಗಾಯದ ನಂತರ ವಾಪಸಾಗುವುದು ಅಪರೂಪ ಎನ್ನುವುದು ಇದಕ್ಕೇ. ನಿಮ್ಮ ತಮ್ಮನ ಬೆರಳು ಆಡುತ್ತಿರುವುದು ಬಹಳ ದೊಡ್ಡ ಅನುಕೂಲ.

ತೋಳಿಗೆ ಹೋಗುವ ನರಗಳು ಕುತ್ತಿಗೆಯ ಐದು ಬೇರುಗಳಿಂದ ಹೊರಡುತ್ತವೆ: ಸಿ5, ಸಿ6, ಸಿ7, ಸಿ8, ಟಿ1. ಭುಜ ಎತ್ತುವುದು, ಮೊಣಕೈ ಮಡಚುವುದು ಮೇಲಿನ ಎರಡರ ಕೆಲಸ. ಹೆಬ್ಬೆರಳ ಕಡೆಯ ಸ್ಪರ್ಶ ಸಿ6ರದು. ನೀವು ಹೇಳಿದ ಚಿತ್ರ ಸಿ5-ಸಿ6 ಗಾಯಕ್ಕೆ ಸರಿಹೊಂದುತ್ತದೆ. ಬೀಳುವಾಗ ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಎಳೆದಾಗ ಮೊದಲು ಸೆಳೆತ ಬೀಳುವುದು ಇವಕ್ಕೇ.

ಮುಖ್ಯ ಪ್ರಶ್ನೆ: ನರ ಬರೀ ಹಿಗ್ಗಿದೆಯೇ, ದಾರಿಯಲ್ಲಿ ಹರಿದಿದೆಯೇ, ಅಥವಾ ಗಿಡ ಬೇರುಸಹಿತ ಕಿತ್ತಂತೆ ಬೆನ್ನುಹುರಿಯಿಂದಲೇ ಕಿತ್ತುಬಂದಿದೆಯೇ? ಹಿಗ್ಗಿದ್ದು ಹೆಚ್ಚಾಗಿ ತಾನೇ ಸರಿಹೋಗುತ್ತದೆ. ಹರಿದದ್ದಕ್ಕೆ ನಡುವೆ ನರದ ತುಂಡು ಜೋಡಿಸಬಹುದು. ಕಿತ್ತುಬಂದದ್ದನ್ನು ಮತ್ತೆ ನೆಟ್ಟು ಕೆಲಸ ಮಾಡಿಸುವುದು ಇವತ್ತಿನ ರೂಢಿಯ ಚಿಕಿತ್ಸೆಯಲ್ಲಿ ಇಲ್ಲ, ಬೇರೆ ಕಡೆಯಿಂದ ನರ ತಿರುಗಿಸಬೇಕು.

ಒಂದೆರಡು ವಿಷಯ ತಿಳಿಸಿ. ಬಲಗಣ್ಣಿನ ರೆಪ್ಪೆ ಜೋತುಬಿದ್ದು ಪಾಪೆ ಚಿಕ್ಕದಾಗಿದೆಯೇ? ಮರಗಟ್ಟಿದ ಕೈಯಲ್ಲಿ ಕರೆಂಟ್ ಹೊಡೆದಂಥ ಉರಿ ಇದೆಯೇ? ಪ್ಲೇಟ್ ಹಾಕುವ ಮುಂಚೆ ಮೊಣಕೈ ಮಡಚುತ್ತಿದ್ದನೇ? ಮುಂಚೆ ಆಡುತ್ತಿದ್ದ ಕೈ ಆಪರೇಷನ್ ಆದಮೇಲೆ ನಿಂತಿದ್ದರೆ ಅದು ಬೇರೆಯೇ ಕಥೆ, ನಾಳೆಯೇ ತೋರಿಸಬೇಕು.

ಕೇಳಿದವರು

ರೆಪ್ಪೆ ಸರಿ ಇದೆ. ಉರಿ ರಾತ್ರಿ ಸ್ವಲ್ಪ ಇರುತ್ತದೆ, ಮಾತ್ರೆಗೆ ತಗ್ಗುತ್ತದೆ. ಬಿದ್ದ ಜಾಗದಿಂದಲೇ ಕೈ ಎತ್ತುತ್ತಿರಲಿಲ್ಲ. ಅಪಘಾತವಾದ ಐದನೇ ದಿನ ನರದ ಟೆಸ್ಟ್ ಮಾಡಿ "ಹೆಚ್ಚೇನೂ ಇಲ್ಲ" ಎಂದಿದ್ದರು.

ಇಎಂಜಿ ಲ್ಯಾಬ್ ಕಡೆಯಿಂದ

ಆ ಐದನೇ ದಿನದ ರಿಪೋರ್ಟ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ನರ ತುಂಡಾದರೂ ತುಂಡಿನ ಕೆಳಭಾಗ ಮೊದಲ ಕೆಲವು ದಿನ ಕರೆಂಟ್ ಸಾಗಿಸುತ್ತಲೇ ಇರುತ್ತದೆ. ಒಂದು ವಾರದಿಂದ ಹತ್ತು ದಿನದಲ್ಲಿ ಅದು ಸಾಯುತ್ತದೆ. ಸ್ನಾಯುವಿನಲ್ಲಿ ನರ ಕಡಿದ ಗುರುತು ಇಎಂಜಿಯ ಸೂಜಿಗೆ (ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ ಅದರ ಕರೆಂಟ್ ನೋಡುವ ಪರೀಕ್ಷೆ) ಸಿಗಲು ಮೂರರಿಂದ ನಾಲ್ಕು ವಾರ ಬೇಕು. ಹಾಗಾಗಿ ಸರಿಯಾದ ಸಮಯ ಈಗ ಬಂದಿದೆ. ಬರುವ ವಾರ ಮಾಡಿಸಿ, ಇದೇ ಟೆಸ್ಟ್ ಮೂರನೇ ತಿಂಗಳಲ್ಲಿ ಮತ್ತೊಮ್ಮೆ.

ಚೀಟಿಯಲ್ಲಿ ಬರೀ "ಎನ್‌ಸಿಎಸ್ ಬಲಗೈ" (ನರ ಕರೆಂಟ್ ಸಾಗಿಸುವುದನ್ನು ಅಳೆಯುವ ಟೆಸ್ಟ್) ಎಂದಿದ್ದರೆ ಸಾಲದು. ಸೂಜಿ ಪರೀಕ್ಷೆ ಸೇರಿಸಿ ಎಂದು ಬರೆಸಿಕೊಳ್ಳಿ. ಡೆಲ್ಟಾಯ್ಡ್ (ಭುಜದ ಸ್ನಾಯು), ಬೈಸೆಪ್ಸ್ (ರಟ್ಟೆಯ ಮುಂಭಾಗ), ಟ್ರೈಸೆಪ್ಸ್ (ರಟ್ಟೆಯ ಹಿಂಭಾಗ) ಜತೆ ಕುತ್ತಿಗೆ ಹಿಂಭಾಗದ ಬೆನ್ನೆಲುಬಿನ ಪಕ್ಕದ ಸ್ನಾಯುವನ್ನೂ ನೋಡಬೇಕು. ಮುಂಗೈ ಹೊರಬದಿಯ ಸ್ಪರ್ಶನರ, ಹೆಬ್ಬೆರಳ ಸ್ಪರ್ಶನರ ಎರಡರ ಅಳತೆಯೂ ಬೇಕು, ಎಡಗೈ ಜತೆ ಹೋಲಿಸಿ.

ಈ ಸ್ಪರ್ಶನರದ ಅಳತೆಯಲ್ಲೇ ಗುಟ್ಟಿರುವುದು. ಚರ್ಮ ಮುಟ್ಟಿದರೆ ಗೊತ್ತಾಗುತ್ತಿಲ್ಲ, ಆದರೂ ಯಂತ್ರದಲ್ಲಿ ಸ್ಪರ್ಶನರದ ಅಲೆ ಚೆನ್ನಾಗಿ ಬರುತ್ತಿದೆ ಎಂದರೆ ಖುಷಿಪಡುವಂತಿಲ್ಲ: ಸ್ಪರ್ಶನರದ ಜೀವಕೋಶ ಬೆನ್ನುಹುರಿಯ ಹೊರಗಿನ ಗಂಟಿನಲ್ಲಿ ಇರುವುದರಿಂದ, ಅದಕ್ಕಿಂತ ಒಳಗೆ ಕಿತ್ತುಬಂದಾಗ ಕೆಳಗಿನ ನರ ಬದುಕೇ ಇರುತ್ತದೆ. ಅಂದರೆ ಬೇರು ಕಿತ್ತಿದೆ. ಅಲೆಯೂ ಇಲ್ಲ ಎಂದಾದರೆ ಗಾಯ ಗಂಟಿನಿಂದ ಹೊರಗೆ ಎಂಬ ಆಸೆ, ಆದರೆ ಎರಡು ಕಡೆಯೂ ಏಟಾಗಿದ್ದರೆ ಹೀಗೇ ಕಾಣುತ್ತದೆ. ಅದಕ್ಕೇ ಸ್ಕ್ಯಾನ್ ಬೇಕಾಗುವುದು.

ಸ್ಕ್ಯಾನ್ ಬಗ್ಗೆ: "ಎಂಆರ್‌ಐ ಸರ್ವೈಕಲ್ ಸ್ಪೈನ್" ಬೇರೆ, "ಎಂಆರ್‌ಐ ಬ್ರೇಕಿಯಲ್ ಪ್ಲೆಕ್ಸಸ್" ಬೇರೆ. ಎರಡನೆಯದನ್ನು ತೆಳು ಕಟ್‌ಗಳಲ್ಲಿ, ಸಾಧ್ಯವಾದರೆ 3 ಟೆಸ್ಲಾ ಯಂತ್ರದಲ್ಲಿ ಮಾಡಿಸಿ. ಮೂರು-ನಾಲ್ಕು ವಾರದೊಳಗೆ ರಕ್ತ, ಊತ ಅಡ್ಡ ಬರುತ್ತವೆ. ಪ್ಲೇಟ್‌ನ ಲೋಹ ಯಾವುದೆಂದು ಡಿಸ್ಚಾರ್ಜ್ ಸಮ್ಮರಿ ನೋಡಿ ಮೊದಲೇ ಹೇಳಿ. ಟೈಟಾನಿಯಂ ಆದರೆ ಕಾಲರ್ ಬೋನ್ ಸುತ್ತ ಚಿತ್ರ ಕೆಡಬಹುದು, ಕುತ್ತಿಗೆಯ ಬೇರುಗಳು ಕಾಣುತ್ತವೆ. ಬೇರು ಇದ್ದ ಜಾಗದಲ್ಲಿ ನೀರಿನ ಚೀಲದಂಥದ್ದು ಕಂಡರೆ ಕಿತ್ತಿರುವ ಸಾಧ್ಯತೆ ಹೆಚ್ಚು. ಅನುಮಾನ ಉಳಿದರೆ ಸೊಂಟದಲ್ಲಿ ಡೈ ಹಾಕಿ ಸಿಟಿ ಮೈಲೋಗ್ರಾಮ್ ಮಾಡುತ್ತಾರೆ. ಅದಾದ ಮೇಲೆ ಒಂದೆರಡು ದಿನ ತಲೆನೋವು ಬರಬಹುದು. ಎದೆಯ ಎಕ್ಸ್‌ರೇ ಅಗ್ಗದ್ದು, ಬಿಡಬೇಡಿ: ಬಲಗಡೆ ವಪೆ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ತೀರಾ ಮೇಲೆ ಸರಿದಿದ್ದರೆ ಅದನ್ನು ಆಡಿಸುವ ಫ್ರೆನಿಕ್ ನರಕ್ಕೂ ಏಟು ಬಿದ್ದಿರಬಹುದು.

ಪ್ಲಾಸ್ಟಿಕ್ ಸರ್ಜರಿ ಕಡೆಯಿಂದ

ಮೇಲೆ ಹೇಳಿದ್ದಕ್ಕೆ ಒಂದು ಸೇರ್ಪಡೆ. ಬೇರು ಕಿತ್ತಿದೆ ಎಂದು ಟೆಸ್ಟ್‌ಗಳು ಖಚಿತವಾಗಿ ಹೇಳಿದರೆ ಮೂರು ತಿಂಗಳು ಕಾಯಲೂ ಕಾರಣವಿಲ್ಲ, ಅದು ತಾನಾಗಿ ಬರುವುದಿಲ್ಲ. ಗೊಂದಲ ಇರುವ ಗಾಯಕ್ಕೆ ಮಾತ್ರ ಆ ಮೂರು ತಿಂಗಳ ಗಡುವು. ಆರು ತಿಂಗಳೊಳಗೆ ಮಾಡಿದ್ದಕ್ಕೆ ಫಲ ಚೆನ್ನಾಗಿರುತ್ತದೆ. ಒಂಬತ್ತು ದಾಟಿದರೆ ಇಳಿಯುತ್ತದೆ. ವರ್ಷ ಕಳೆದರೆ ನರದ ಆಪರೇಷನ್ ಬಿಟ್ಟು, ತೊಡೆಯ ಗ್ರಾಸಿಲಿಸ್ ಸ್ನಾಯುವನ್ನು ರಕ್ತನಾಳ, ನರ ಸಮೇತ ತಂದು ಮೊಣಕೈ ಮಡಚಿಸುವ ದಾರಿ ಹಿಡಿಯಬೇಕಾಗುತ್ತದೆ.

ಸಿ5-ಸಿ6 ಗಾಯಕ್ಕೆ ಈಗ ಸಾಮಾನ್ಯವಾಗಿ ಮೂರು ನರ ತಿರುಗಿಸುತ್ತಾರೆ. ಮೊದಲನೆಯದು ಮೊಣಕೈಗೆ. ಕಿರುಬೆರಳ ಕಡೆ ಹೋಗುವ ಅಲ್ನರ್ ನರದ ಹಲವು ಎಳೆಗಳಲ್ಲಿ ಒಂದನ್ನು ಬಿಡಿಸಿ, ಬೈಸೆಪ್ಸ್‌ಗೆ ಹೋಗುವ ಕೊಂಬೆಗೆ ಹೊಲಿಯುವುದು. ಫ್ರಾನ್ಸಿನ ಒಬರ್ಲಿನ್ 1994ರಲ್ಲಿ ಪ್ರಕಟಿಸಿದ ವಿಧಾನ. ಜೋಡಣೆ ಸ್ನಾಯುವಿಗೆ ಕೆಲವೇ ಸೆಂಟಿಮೀಟರ್ ದೂರದಲ್ಲಿ ಆಗುವುದರಿಂದ ಆ 200 ದಿನದ ಪ್ರಯಾಣ ತಪ್ಪುತ್ತದೆ. ಮೊದಲ ಮಿಡಿತ ಹಲವರಲ್ಲಿ ಮೂರರಿಂದ ಆರು ತಿಂಗಳಲ್ಲಿ ಕಾಣುತ್ತದೆ. ಮೀಡಿಯನ್ ನರದಿಂದ ಇನ್ನೊಂದು ಎಳೆ ತೆಗೆದು, ಮೊಣಕೈ ಮಡಚುವ ಬ್ರೇಕಿಯಾಲಿಸ್ ಸ್ನಾಯುವಿಗೂ ಕೊಡುವವರಿದ್ದಾರೆ. ಕೈಹಿಡಿತ ಹೋಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಎಳೆಯನ್ನು ಕತ್ತರಿಸುವ ಮುಂಚೆ ಸ್ಟಿಮ್ಯುಲೇಟರ್ ಮುಟ್ಟಿಸಿ, ಬೆರಳಿಗಿಂತ ಮಣಿಕಟ್ಟನ್ನು ಹೆಚ್ಚು ಆಡಿಸುವ ಎಳೆಯನ್ನೇ ಆರಿಸುತ್ತಾರೆ. ಕಿರುಬೆರಳಲ್ಲಿ ಕೆಲಕಾಲ ಜೋಮು ಬರಬಹುದು. ಅದೇ ಕಾರಣಕ್ಕೆ ಸಿ8-ಟಿ1 ಕೂಡ ದುರ್ಬಲವಾಗಿದ್ದರೆ ಈ ಆಪರೇಷನ್ ಸಲ್ಲದು. ಆಗ ಪಕ್ಕೆಲುಬಿನ ನರ ತರಬೇಕು.

ಭುಜಕ್ಕೆ ಎರಡು: ಹೆಗಲು ಕುಣಿಸುವ ಸ್ಪೈನಲ್ ಆಕ್ಸೆಸರಿ ನರ ಭುಜ ಎತ್ತಿ ಹೊರತಿರುಗಿಸುವ ಸುಪ್ರಾಸ್ಕ್ಯಾಪ್ಯುಲರ್ ನರಕ್ಕೆ, ಟ್ರೈಸೆಪ್ಸ್‌ನ ಒಂದು ಕೊಂಬೆ ಡೆಲ್ಟಾಯ್ಡ್‌ಗೆ ಹೋಗುವ ಆಕ್ಸಿಲರಿ ನರಕ್ಕೆ. ಬೇರಿನ ಬುಡ ಕುತ್ತಿಗೆಯಲ್ಲಿ ಜೀವಂತ ಸಿಕ್ಕರೆ ಕಾಲಿನ ಸೂರಲ್ ನರ ತೆಗೆದು ಜೋಡಿಸುವುದೂ ಉಂಟು. ಆ ಕಾಲಿನ ಪಾದದ ಹೊರಬದಿ ಮರಗಟ್ಟಿ ಉಳಿಯುತ್ತದೆ, ಮೊದಲೇ ತಿಳಿದಿರಲಿ.

ಆಪರೇಷನ್ ಹಲವು ಗಂಟೆ ಹಿಡಿಯುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಕೇಳಿ: ಮೈಕ್ರೋಸ್ಕೋಪ್ ಮತ್ತು ನರ ಸ್ಟಿಮ್ಯುಲೇಟರ್ ಇದೆಯೇ, ಇಂಥ ನರ ತಿರುಗಿಸುವಿಕೆ ಇಲ್ಲಿ ನಿಯಮಿತವಾಗಿ ಮಾಡುತ್ತಾರೆಯೇ? ಮಾಡದ ಕಡೆ ಆದರೆ ಮುಜುಗರ ಬೇಡ, ರೆಫರಲ್ ಕೇಳಿ. ಕರ್ನಾಟಕದಿಂದ ಅನೇಕರು ಕೊಯಮತ್ತೂರಿನ ಗಂಗಾ ಆಸ್ಪತ್ರೆಗೂ ಹೋಗುತ್ತಾರೆ. ಡಿಸ್ಚಾರ್ಜ್ ಆಗುವಾಗ ಯಾವ ನರವನ್ನು ಯಾವುದಕ್ಕೆ ಹೊಲಿದರು ಎಂಬ ಆಪರೇಷನ್ ನೋಟ್ ಪ್ರತಿ ಬೇಕೇ ಬೇಕು. ಅದಿಲ್ಲದೆ ಮುಂದಿನ ಫಿಸಿಯೋ ಕುರುಡು ಕೆಲಸ.

ಫಿಸಿಯೋಥೆರಪಿ ಕಡೆಯಿಂದ

ಅಕ್ಕ, ಇವತ್ತಿನಿಂದಲೇ ಮನೆಯಲ್ಲಿ ಮಾಡಬೇಕಾದ್ದು. ಕಾಲರ್ ಬೋನ್ ಪ್ಲೇಟ್ ಹಾಕಿದವರು ಭುಜ ಎಷ್ಟು ಎತ್ತಬಹುದು ಎಂದು ಹೇಳಿದ್ದಾರೋ ಆ ಮಿತಿಯೊಳಗೆ, ದಿನಕ್ಕೆ ಮೂರು ಹೊತ್ತು, ಒಂದೊಂದು ಕೀಲನ್ನೂ ಹತ್ತು ಸಲ ನಿಧಾನಕ್ಕೆ ಆಡಿಸಿ. ಎಲ್ಲಕ್ಕಿಂತ ಬೇಗ ಬಿಗಿಯುವುದು ಭುಜದ ಹೊರತಿರುವು: ಮೊಣಕೈ ಪಕ್ಕೆಗೆ ಅಂಟಿಸಿಟ್ಟು, ಅದನ್ನು ಮಡಚಿ ಹಿಡಿದು, ಮುಂಗೈಯನ್ನು ಹೊರಗೆ ತಿರುಗಿಸುವುದು. ಇದು ಬಿಗಿದುಹೋದರೆ ನರ ಬಂದರೂ ಭುಜ ಏಳದು.

ಸ್ಲಿಂಗ್ ಬರೀ ಕತ್ತಿಗೆ ನೇತುಹಾಕಿದ ಪಟ್ಟಿ ಆಗಬಾರದು. ಮೊಣಕೈಯ ಕೆಳಗಿನಿಂದ ಮೇಲಕ್ಕೆ ಆಧಾರ ಕೊಡುವಂಥದ್ದಾಗಿರಲಿ. ಡೆಲ್ಟಾಯ್ಡ್ ಸತ್ತ ಭುಜದಲ್ಲಿ ತೋಳಿನ ಭಾರಕ್ಕೇ ತೋಳ್ಮೂಳೆಯ ದುಂಡು ತಲೆ ಕೀಲಿನಿಂದ ಕೆಳಗೆ ಜಾರುತ್ತದೆ; ಭುಜದ ತುದಿಮೂಳೆ ಕೆಳಗೆ ಬೆರಳು ಇಡುವಷ್ಟು ಕುಳಿ ಕಂಡರೆ ಜಾರಿದೆ ಎಂದೇ ಲೆಕ್ಕ. ಅಂಗಿ ಹಾಕುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಎಬ್ಬಿಸುವಾಗ ಆ ಕೈ ಹಿಡಿದು ಯಾರೂ ಎಳೆಯಬಾರದು.

ಸ್ಪರ್ಶ ಇಲ್ಲದ ಕೈಗೆ ಬಿಸಿನೀರ ಚೀಲ ಬೇಡ, ಹಬೆ ಬೇಡ. ಸ್ನಾನದ ನೀರನ್ನು ಎಡಗೈಯಲ್ಲೇ ನೋಡಿ. ನಾಟಿ ಕಟ್ಟು ಎಂದು ಬಿಗಿಯಾಗಿ ಸುತ್ತಿದರೆ ಒಳಗೆ ಹುಣ್ಣಾದರೂ ಅವನಿಗೆ ತಿಳಿಯುವುದಿಲ್ಲ. ಕರೆಂಟ್ ಹಿಡಿಸುವ ಬಗ್ಗೆ ಕೇಳುತ್ತೀರಿ, ಗೊತ್ತು. ನರ ಕಡಿದ ಸ್ನಾಯುವಿಗೆ ಹೊರಗಿನಿಂದ ಕೊಡುವ ಕರೆಂಟ್ ನರ ಬೆಳೆಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಅದಕ್ಕೆಂದೇ ದಿನವೂ ಆಟೋ ಮಾಡಿಕೊಂಡು ಓಡಾಡುವ ಬದಲು ಮೇಲಿನ ವ್ಯಾಯಾಮ ಬಿಡದೆ ಮಾಡಿ.

ಗುರುತು ಇಡುವುದು ಹೀಗೆ: ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಲ್ಲಿಸಿ, ಅಂಗಿ ಬಿಚ್ಚಿ, ಮುಂದಿನಿಂದ ಹಿಂದಿನಿಂದ ಮೊಬೈಲಲ್ಲಿ ವಿಡಿಯೋ. ಕಾಲರ್ ಬೋನ್‌ಗಿಂತ ಮೇಲೆ ಬೆರಳಲ್ಲಿ ಮೆಲ್ಲಗೆ ತಟ್ಟಿದಾಗ ಜುಂ ಎಂದು ತೋಳಿಗೆ ಹರಿಯುತ್ತದೆಯೇ ಎಂಬುದನ್ನು ವೈದ್ಯರು ನೋಡುತ್ತಾರೆ. ಆ ಜುಂ ಬಿಂದು ತಿಂಗಳಿಂದ ತಿಂಗಳಿಗೆ ಕೆಳಕ್ಕೆ ಇಳಿದರೆ ನರ ಬೆಳೆಯುತ್ತಿದೆ.

ಆಪರೇಷನ್ ಆದಲ್ಲಿ ಮೂರು ವಾರದಷ್ಟು ಕೈ ಕಟ್ಟಿಡುತ್ತಾರೆ. ಆಮೇಲೆ ಹೊಸ ದಾರಿ ಕಲಿಸಬೇಕು: ಅಲ್ನರ್ ಎಳೆ ಕೊಟ್ಟಿದ್ದರೆ ಮುಷ್ಟಿ ಬಿಗಿದು ಮಣಿಕಟ್ಟು ಕಿರುಬೆರಳ ಕಡೆ ಮಡಚುತ್ತಾ ಮೊಣಕೈ ಮಡಚುವ ಯತ್ನ, ಪಕ್ಕೆಲುಬಿನ ನರವಾದರೆ ಉಸಿರು ಒಳಗೆಳೆದುಕೊಳ್ಳುತ್ತಾ.

ಕ್ಲಿನಿಕಲ್ ರಿಸರ್ಚ್ ಕಡೆಯಿಂದ

ಸ್ಟೆಮ್ ಸೆಲ್ ವಿಷಯಕ್ಕೆ ಬರುತ್ತೇನೆ. ರಿಸರ್ಚ್ ಎನ್ನುತ್ತಾ ದುಡ್ಡು ಕೇಳಿದರು ಅಂದಲ್ಲೇ ನಿಲ್ಲಿಸಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಅನುಮೋದಿತ ಪ್ರಯೋಗದೊಳಗೇ ಆಗಬೇಕು. ಪ್ರಯೋಗದ ಚಿಕಿತ್ಸೆಗೆ ಭಾಗವಹಿಸುವವರಿಂದ ಹಣ ಪಡೆಯುವಂತಿಲ್ಲ.

ನಿಜವಾದ ಪ್ರಯೋಗವಾದರೆ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ತಾಣ) ನೋಂದಣಿ ಸಂಖ್ಯೆ ಇರುತ್ತದೆ. ಸಿಟಿಆರ್‌ಐ, ವರ್ಷ, ತಿಂಗಳು, ಕ್ರಮಸಂಖ್ಯೆ ಈ ಸಾಲಿನಲ್ಲಿ. ಆ ಸಂಖ್ಯೆ ಹಾಕಿ ಆ ತಾಣದಲ್ಲಿ ಯಾರೂ ನೋಡಬಹುದು. ನೋಂದಣಿಯ ದಿನಾಂಕ ಮೊದಲ ರೋಗಿ ಸೇರಿದ ದಿನಕ್ಕಿಂತ ಮುಂಚಿನದೇ, ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿದೆಯೇ, ಎಥಿಕ್ಸ್ ಕಮಿಟಿ ಒಪ್ಪಿಗೆ ಇದೆಯೇ ನೋಡಿ. ಮಾಹಿತಿ ಪತ್ರ ಕನ್ನಡದಲ್ಲಿ ಕೇಳಿ, ಮನೆಗೆ ಒಯ್ದು ಓದಿ. ಹೋಲಿಕೆ ಗುಂಪಿಗೆ ಬಿದ್ದರೆ ಏನು ಕೊಡುತ್ತೀರಿ, ಪ್ರಯೋಗದ ಕಾರಣಕ್ಕೆ ಆಪರೇಷನ್ ತಡವಾಗುತ್ತದೆಯೇ ಎಂದು ಕೇಳಿ. ಎರಡನೇ ಪ್ರಶ್ನೆ ಈ ಗಾಯದಲ್ಲಿ ಎಲ್ಲಕ್ಕಿಂತ ಮುಖ್ಯ. ತಡವಾಗುತ್ತದೆ ಎಂದರೆ ಬೇಡ.

ಈ ಕ್ಷೇತ್ರದ ಲೇಖನಗಳನ್ನು ಓದುವಾಗಲೂ ಎಚ್ಚರ. ಬಹುಪಾಲು ಒಂದೇ ಆಸ್ಪತ್ರೆಯ ರೋಗಿಗಳ ಸರಣಿ, ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನ ಕಡಿಮೆ. ಶಕ್ತಿಯನ್ನು ಎಂ0ಯಿಂದ ಎಂ5ರವರೆಗೆ ಅಳೆಯುತ್ತಾರೆ. ಎಂ3 ಅಂದರೆ ಗುರುತ್ವದ ವಿರುದ್ಧ ಖಾಲಿ ಕೈ ಮಡಚುವುದು, ಎಂ4 ಅಂದರೆ ಒಂದಿಷ್ಟು ಭಾರಕ್ಕೂ ಮಡಚುವುದು. "ಯಶಸ್ಸು" ಎಂದು ಯಾವುದನ್ನು ಕರೆದಿದ್ದಾರೆ ನೋಡದೆ ಶೇಕಡಾವಾರು ಹೋಲಿಸಬೇಡಿ. ಎರಡು ವರ್ಷಕ್ಕಿಂತ ಕಡಿಮೆ ಹಿಂಬಾಲಿಸಿದ ಫಲಿತಾಂಶ ಅರ್ಧ ಚಿತ್ರ ಮಾತ್ರ.

ಬಿ12 ಮಾತ್ರೆ? ಎಲ್ಲರೂ ಬರೆಯುತ್ತಾರೆ. ಕೊರತೆ ಇದ್ದರೆ ಬೇಕು. ಕಿತ್ತ ಬೇರನ್ನು ಅದು ಜೋಡಿಸುವುದಿಲ್ಲ.

ಇನ್ನೊಬ್ಬರು, ಕಾಗದಪತ್ರದ ಬಗ್ಗೆ

ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್, ಮೊದಲ ದಿನದ ಕೇಸ್ ಶೀಟ್ ಪ್ರತಿ ತೆಗೆದಿಡಿ. ವೂಂಡ್ ಸರ್ಟಿಫಿಕೇಟ್‌ನಲ್ಲಿ ಕಾಲರ್ ಬೋನ್ ಮಾತ್ರ ಬರೆದು ನರದ ಗಾಯ ಬಿಟ್ಟುಹೋಗುವುದು ತೀರಾ ಸಾಮಾನ್ಯ, ಈಗಲೇ ಸೇರಿಸಲು ಕೇಳಿ. ಬೇರೆ ವಾಹನ ತಾಗಿ ಬಿದ್ದಿದ್ದರೆ ಕ್ಲೇಮ್ ಅರ್ಜಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಅಪಘಾತದಿಂದ ಆರು ತಿಂಗಳ ಅವಧಿ ಇದೆ. ಅಂಗವಿಕಲತೆ ಪ್ರಮಾಣಪತ್ರಕ್ಕೆ ಅವಸರ ಬೇಡ. ಚಿಕಿತ್ಸೆ ಮುಗಿದು ಸ್ಥಿತಿ ಒಂದು ಹಂತಕ್ಕೆ ನಿಂತ ಮೇಲೆ ಅಳೆಯುತ್ತಾರೆ, ಶೇ. 40 ಮತ್ತು ಮೇಲಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮುಖ್ಯ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ.

ಕೈ ಮತ್ತು ನರ ಶಸ್ತ್ರಚಿಕಿತ್ಸೆ ವಿಭಾಗದಿಂದ

ರಾತ್ರಿಯ ಉರಿಗೆ ಕೊಟ್ಟಿರುವ ಮಾತ್ರೆ ಗಾಬಾಪೆಂಟಿನ್ ಅಥವಾ ಪ್ರೆಗಾಬಾಲಿನ್ ಇರಬೇಕು. ನೋವು ತಗ್ಗಿತು ಎಂದು ಥಟ್ಟನೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ ಹಂತ ಹಂತವಾಗಿ ಇಳಿಸಬೇಕು. ಮಂಪರು ಇರುವವರೆಗೆ ಗಾಡಿ ಮುಟ್ಟುವಂತಿಲ್ಲ. ಇಎಂಜಿ ಮತ್ತು ಸ್ಕ್ಯಾನ್ ರಿಪೋರ್ಟ್ ಬಂದ ಮೇಲೆ ಸ್ಪರ್ಶನರದ ಅಳತೆ, ಕುತ್ತಿಗೆ ಪಕ್ಕದ ಸ್ನಾಯುವಿನ ಸಾಲು, ಈ ಎರಡನ್ನು ಇಲ್ಲಿ ಹಾಕಿ. ಹೆಸರು, ಆಸ್ಪತ್ರೆ ನಂಬರ್ ಅಳಿಸಿ.