ಪದ ಬೇಕಾಗಿದೆ: ಬ್ರಿಟನಿಯ ‘ಕಾಲ್ವೇರ್’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಹಳೆಯ ಚರ್ಚುಗಳ ಫೋಟೋ ಪ್ರದರ್ಶನಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಅಲ್ಲಿ ಚರ್ಚಿನ ಅಂಗಳದ ಸಮಾಧಿಗಳ ನಡುವೆ ಕಲ್ಲಿನ ಕಟ್ಟೆ ಕಟ್ಟಿ, ಮೇಲೆ ಶಿಲುಬೆ ನಿಲ್ಲಿಸಿದ್ದಾರೆ. ಕಟ್ಟೆಯ ಸುತ್ತಲೂ, ಮೇಲೂ ಯೇಸುವಿನ ಕಥೆ ಹೇಳುವ ಕಲ್ಲಿನ ಪ್ರತಿಮೆಗಳು. ಗಿಮಿಲಿಯೋ ಊರಿನದರಲ್ಲಿ (1581–88) ಸುಮಾರು 200 ಪ್ರತಿಮೆಗಳಿವೆ. ಫ್ರೆಂಚಿನಲ್ಲಿ ಇದಕ್ಕೆ ‘ಕಾಲ್ವೇರ್’ ಅಂತಾರೆ. ಸುಮ್ನೆ ‘ಕಲ್ಲಿನ ಶಿಲುಬೆ’ ಅಂದರೆ ಇದ್ಯಾವುದೂ ಬರುವುದಿಲ್ಲ. ಏನು ಬರೆಯಲಿ?

———

ಶಿಲುಬೆಗಲ್ಲು. ವೀರಗಲ್ಲು, ಮಾಸ್ತಿಗಲ್ಲು, ನಿಸಿದಿಗಲ್ಲು ಇರುವ ನುಡಿ ನಮ್ಮದು. ಸಾಲ ಯಾಕೆ? ಯೇಸುವನ್ನು ಶಿಲುಬೆಗೇರಿಸಿದ ಗುಡ್ಡದ ಹೆಸರು ಹಿಡಿದು ‘ಕಲ್ವಾರಿ’ ಅಂತ ಯಾರೋ ಬರೆಯುತ್ತಾರೆ, ಗೊತ್ತು. ಅದು ಬೇಡ.

———

> ಶಿಲುಬೆಗಲ್ಲು

ಸರಿಹೋಗದು. ವೀರಗಲ್ಲು ಅಂದರೆ ಒಂದು ಚಪ್ಪಡಿ, ಸತ್ತವನ ನೆನಪಿಗೆ ನಿಲ್ಲಿಸಿದ್ದು. ಕಾಲ್ವೇರ್ ಯಾರ ಗೋರಿಯದೂ ಅಲ್ಲ, ಇಡೀ ಊರಿನದು. ಬ್ರಿಟನಿಯದೇ ಪ್ಲೂಗಾಸ್ತೆಲ್‌ನಲ್ಲಿ 1598ರ ಪ್ಲೇಗ್ ಕಳೆದ ಮೇಲೆ ಊರಿನವರು 1602–04ರಲ್ಲಿ ಕಟ್ಟಿಸಿದರು. ‘ಶಿಲುಬೆಗಲ್ಲು’ ಅಂತ ಫಲಕದಲ್ಲಿ ನೋಡಿದವರು ಗೋರಿಕಲ್ಲು ಅಂತಲೇ ತಿಳಿಯುತ್ತಾರೆ.

ಇನ್ನು ಸಾಲದ ಮಾತು. ‘ಶಿಲುಬೆ’ ಎಲ್ಲಿಂದ ಬಂತು ಸ್ವಾಮಿ? ಸಿರಿಯಾಕ್ ಭಾಷೆಯ ‘ಸ್ಲೀಬಾ’ದಿಂದ. ಮಂಗಳೂರಿನ ಕೊಂಕಣಿ ಕ್ರೈಸ್ತರ ‘ಖುರಿಸ್’ ಪೋರ್ಚುಗೀಸಿನಿಂದ ಬಂದದ್ದು. ಶಿಲುಬೆಯನ್ನು ಒಳಗೆ ಕರೆದು ಕಲ್ವಾರಿಯನ್ನು ಬಾಗಿಲಲ್ಲೇ ನಿಲ್ಲಿಸುವುದು ಯಾವ ನ್ಯಾಯ? ಕನ್ನಡ ಕ್ರೈಸ್ತರ ಹಾಡು, ಪ್ರಾರ್ಥನೆಗಳಲ್ಲಿ ಕಲ್ವಾರಿ ಬೇರೂರಿದೆ. ಅವರೂ ಕನ್ನಡಿಗರೇ ಅಲ್ವಾ?

———

ಜಗಳ ಯಾಕೆ? ಕಲ್ವಾರಿಯಲ್ಲಿ ನಮ್ಮ ‘ಕಲ್’ ಇದ್ದೇ ಇದೆ. ಕಲ್ಲಿನ ಬೆಟ್ಟ ಅಂತಲೇ ಮೂಲ ಅರ್ಥವಿರಬೇಕು.

———

ಇಲ್ಲ. ಅದು ಲ್ಯಾಟಿನ್ನಿನ ‘ಕಲ್ವಾರಿಯಾ’, ಅಂದರೆ ತಲೆಬುರುಡೆ. ಅದೇ ಗುಡ್ಡದ ಅರಾಮಿಕ್ ಹೆಸರು ‘ಗೊಲ್ಗೊಥಾ’ದ ಅನುವಾದ. ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಸದ್ದು ಹೊಂದಿದ ಮಾತ್ರಕ್ಕೆ ನಂಟು ಹುಡುಕಬೇಡಿ.

ಕೇಳಿದವರಿಗೆ ನನ್ನ ಸಲಹೆ: ‘ಕಲ್ವಾರಿ ಕಟ್ಟೆ’. ಅಶ್ವತ್ಥಕಟ್ಟೆ, ನಾಗರಕಟ್ಟೆ ಎಲ್ಲರಿಗೂ ಗೊತ್ತು. ಊರಿಗೆ ಸೇರಿದ್ದು, ಜನ ಸುತ್ತ ನೆರೆಯುವ ಜಾಗ ಅನ್ನುವುದು ಆ ಪದದಲ್ಲೇ ಇದೆ. ಪಾದ್ರಿಗಳು ಈ ಪ್ರತಿಮೆಗಳನ್ನೇ ತೋರಿಸಿ ಓದು ಬಾರದವರಿಗೆ ಕಥೆ ಹೇಳುತ್ತಿದ್ದರು.

———

ಕಟ್ಟೆ ಸರಿ. ಕಲ್ವಾರಿಗೆ ನನ್ನ ಒಪ್ಪಿಗೆಯಿಲ್ಲ. ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟೇ ನುಡಿ ಸೊರಗಿದ್ದು.

———

ಬೇಡದ ಕಡೆ ಸಾಲ ತಂದರೆ ಸೊರಗುತ್ತದೆ. ಇಲ್ಲಿ ವಸ್ತುವೇ ಅಲ್ಲಿಯದು.

———

ಎಲ್ಲರಿಗೂ ವಂದನೆ. ‘ಕಲ್ವಾರಿ ಕಟ್ಟೆ’ ಅಂತಲೇ ಕಳಿಸುತ್ತೇನೆ. ಇನ್ನೊಂದು ತೊಡಕಿದೆ. ಕಟ್ಟೆಯಿಲ್ಲದೆ ಬರೀ ಒಂದು ಕಂಬ, ಅದರ ತುದಿಗೆ ಶಿಲುಬೆ, ಎರಡು ಮೂರು ಪ್ರತಿಮೆ ಇರುವಂಥವೂ ಬ್ರಿಟನಿಯಲ್ಲಿ ಜಾಸ್ತಿ. ಫ್ರೆಂಚರು ಅವನ್ನೂ ಕಾಲ್ವೇರ್ ಅಂತಾರೆ. ಅವಕ್ಕೆ ‘ಕಲ್ವಾರಿ ಕಂಬ’ ಅಂತ ಬರೆದರೆ ಆದೀತಾ? ಬೆಳಿಗ್ಗೆ ಹತ್ತರೊಳಗೆ ತಿಳಿಸಿ.