ಪಿಕಪ್‌ಗೆ ದೊಡ್ಡ ಟೈರ್: ಎಲ್ಲೂ ಉಜ್ಜದ ಹಾಗೆ ಎಷ್ಟು ದೊಡ್ಡದು ಹಾಕಬಹುದು?

ಮಣ್ಣುದಾರಿ:
ನನ್ನದು ಡಬಲ್ ಕ್ಯಾಬ್ ಪಿಕಪ್. ಈಗಿರುವುದು 265/70 ಆರ್17, ಅಂದರೆ ಅಗಲ 265 ಮಿ.ಮೀ., ಟೈರಿನ ಪಕ್ಕದ ಎತ್ತರ ಆ ಅಗಲದ ಶೇ. 70, ರಿಮ್ 17 ಇಂಚು. ಸವೆದಿವೆ, ಹೇಗೂ ಬದಲಾಯಿಸಬೇಕು. 285/70 ಆರ್17 ಹಾಕೋಣ ಅಂತ ಮನಸ್ಸು. ಸಸ್ಪೆನ್ಷನ್ ಮುಟ್ಟಿಲ್ಲ, ವೀಲ್ ಕಂಪನಿಯದ್ದೇ. ಒಬ್ಬರು ಆರಾಮಾಗಿ ಕೂರುತ್ತದೆ ಅಂತಾರೆ. ಇನ್ನೊಬ್ಬರು ಲಿಫ್ಟ್ (ಸಸ್ಪೆನ್ಷನ್ ಎತ್ತರಿಸುವ ಕಿಟ್) ಇಲ್ಲದೆ ಆಗೋದೇ ಇಲ್ಲ ಅಂತಾರೆ. ಲೋಡ್ ಹಾಕಿಕೊಂಡು ಗುಂಡಿ ಬಿದ್ದ ದಾರಿಯಲ್ಲಿ ಓಡಾಡುವ ಗಾಡಿ. ಯಾರ ಮಾತು ನಂಬಲಿ?

ನಟ್ಟುಬೋಲ್ಟು:
ಇಬ್ಬರೂ ಅವರವರ ಗಾಡಿ ನೋಡಿ ಹೇಳಿದ್ದಾರೆ. ನೀವು ಟೇಪ್ ಹಿಡಿದು ನಿಮ್ಮ ಗಾಡಿ ನೋಡಿ.

ಈಗಿನ ಟೈರಿನ ಎತ್ತರ ಸುಮಾರು 803 ಮಿ.ಮೀ. 285ರದ್ದು 831. ಅಂದರೆ ಚಕ್ರದ ಸುತ್ತ 14 ಮಿ.ಮೀ. ಜಾಗ ಜಾಸ್ತಿ ಬೇಕು. ಅಗಲದಲ್ಲಿ ಒಳಗೆ 10, ಹೊರಗೆ 10. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಕಿರಿಕ್ ಇರುವುದು ತಲೆ ಮೇಲೆ ಅಲ್ಲ, ಮೂಲೆಗಳಲ್ಲಿ.

ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ. ಕೆಳಗೆ ಬಗ್ಗಿ ನೋಡಿ. ಟೈರಿನ ಅಂಚು ಮುಂದೆ ಬಂಪರ್ ತುದಿಗೆ, ಹಿಂದೆ ಮಡ್‌ಫ್ಲಾಪ್ ಮತ್ತು ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ, ಒಳಗಡೆ ಅಪ್ಪರ್ ಆರ್ಮ್‌ಗೆ (ಚಕ್ರವನ್ನು ಮೇಲಿಂದ ಹಿಡಿದಿರುವ ಸಸ್ಪೆನ್ಷನ್ ತೋಳು) ಎಷ್ಟು ಹತ್ತಿರ ಬರುತ್ತದೆ ಅಳೆಯಿರಿ. ಆಮೇಲೆ ಇನ್ನೊಂದು ಕಡೆಗೆ ತಿರುಗಿಸಿ. ಎಡ ಬಲ ಒಂದೇ ಅಂತ ಅಂದುಕೊಳ್ಳಬೇಡಿ.

ಮಡ್‌ಫ್ಲಾಪ್, ಲೈನರ್ ಆದರೆ ಕತ್ತರಿಸಬಹುದು, ಬಿಸಿ ಮಾಡಿ ಒಳಗೆ ಒತ್ತಬಹುದು. ನನ್ನ ಗಾಡಿಯಲ್ಲಿ ರಿವರ್ಸ್ ತೆಗೆಯುವಾಗ ಮಾತ್ರ ಟರ್ರ್ ಅಂತ ಸದ್ದು ಬರುತ್ತಿತ್ತು. ಲೈನರ್‌ಗೆ ಸೀಮೆಸುಣ್ಣ ಬಳಿದು ಒಂದು ಸುತ್ತು ಓಡಿಸಿದೆ. ಕೆಳಗಿನ ಕ್ಲಿಪ್ ಪಕ್ಕ ಹೆಬ್ಬೆರಳಗಲ ಬಣ್ಣ ಅಳಿಸಿತ್ತು, ಅಷ್ಟೇ. ಅಷ್ಟನ್ನೇ ಒಳಕ್ಕೆ ಒತ್ತಿದೆ. ಅಪ್ಪರ್ ಆರ್ಮ್‌ಗೆ ತಾಗಿದರೆ ಮಾತ್ರ ಆ ಸೈಜ್ ಬಿಟ್ಟುಬಿಡಿ, ಟೈರಿನ ಪಕ್ಕವೇ ಸೀಳಿಹೋಗುತ್ತದೆ.

ಲಿಫ್ಟ್ ವಿಷಯ ಅರ್ಧ ಸತ್ಯ. ಲಿಫ್ಟ್ ಹಾಕಿದರೆ ಗಾಡಿ ನಿಂತಾಗ ಜಾಗ ಕಾಣುತ್ತದೆ. ಆದರೆ ಗುಂಡಿಗೆ ಇಳಿದು ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ, ಬಂಪ್‌ಸ್ಟಾಪ್ (ಚಕ್ರ ಇನ್ನೂ ಮೇಲೆ ಬರದಂತೆ ತಡೆಯುವ ರಬ್ಬರ್) ಹಳೆಯದೇ ಇದ್ದರೆ, ಚಕ್ರ ಮೊದಲಿನಷ್ಟೇ ಮೇಲೆ ಬರುತ್ತದೆ.

ಹಿಂಬದಿ_ಸೀಟು:
ಚೆನ್ನಾಗಿ ಕಾಣುತ್ತದೆ ಅಂತ ವೀಲ್ ಬದಲಾಯಿಸಲು ಹೋಗಬೇಡಿ. ಆಫ್‌ಸೆಟ್ (ವೀಲಿನ ನಡುಗೆರೆಯಿಂದ ಬೋಲ್ಟ್ ಕೂರುವ ಮುಖದವರೆಗಿನ ದೂರ) 30 ಇದ್ದದ್ದು 0 ಆದರೆ ಚಕ್ರ 30 ಮಿ.ಮೀ. ಹೊರಗೆ ಬರುತ್ತದೆ. ಅಪ್ಪರ್ ಆರ್ಮ್‌ಗೆ ಜಾಗ ಸಿಗುತ್ತದೆ ನಿಜ. ಆದರೆ ಅಗಲದ ಬಾಗಿಲು ತೆರೆಯಲು ಜಾಸ್ತಿ ಜಾಗ ಬೇಕಾದ ಹಾಗೆ, ತಿರುಗುವಾಗ ಬಂಪರ್‌ಗೂ ಲೈನರ್‌ಗೂ ಹೊಡೆಯುತ್ತದೆ. ವೀಲನ್ನು ಹೊರಗೆ ತಳ್ಳಲು ನಡುವೆ ಇಡುವ ಸ್ಪೇಸರ್ ಬಿಲ್ಲೆ ಹಾಕಿದರೂ ಇದೇ ಕಥೆ.

ಮಣ್ಣುದಾರಿ:
ಅಳೆದೆ. ಬಂಪರ್ ತುದಿಗೆ ಎಡಗಡೆ 20, ಬಲಗಡೆ 11 ಮಿ.ಮೀ. ಬಂಪರ್ ಕತ್ತರಿಸುವ ಮನಸ್ಸಿಲ್ಲ.

ನಟ್ಟುಬೋಲ್ಟು:
ಹಾಗಾದರೆ 285 ಮರೆತುಬಿಡಿ. 275/70 ಆರ್17 ಆದರೆ ಸುತ್ತ 7 ಮಿ.ಮೀ. ಮಾತ್ರ ಜಾಸ್ತಿ. ಆದರೂ ನಿಮಗೆ ಬಿಗಿಯೇ, ಒಂದೇ ಸೈಜ್ ಬರೆದಿದ್ದರೂ ಕೆಲವು ಟೈರ್‌ಗಳ ಅಂಚಿನ ರಬ್ಬರ್ ಗಟ್ಟಿಗಳು ಹೊರಗೆ ಚಾಚಿರುತ್ತವೆ. ನನ್ನ ಓಟು 255/75 ಆರ್17ಗೆ. ಎತ್ತರ 814, ಅಗಲ ಈಗಿರುವುದಕ್ಕಿಂತ 10 ಕಡಿಮೆ. ಲೋಡ್ ಹಾಕುವ ಗಾಡಿ, ಆದ್ದರಿಂದ ಟೈರಿನ ಪಕ್ಕದಲ್ಲಿ ಬರೆದಿರುವ ಲೋಡ್ ನಂಬರ್ (ಎಷ್ಟು ಭಾರ ಹೊರುತ್ತದೆ ಅನ್ನುವ ಸಂಖ್ಯೆ) ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಸ್ಪೀಡೋಮೀಟರ್ 100 ತೋರಿಸುವಾಗ ಮೊದಲಿಗಿಂತ ಒಂದೂವರೆ ಕಿ.ಮೀ. ಜಾಸ್ತಿ ಓಡುತ್ತಿರುತ್ತೀರಿ, ಅದೇನೂ ದೊಡ್ಡದಲ್ಲ. ಐದೂ ಒಂದೇ ಸೈಜ್ ತಗೊಳ್ಳಿ. ದುಡ್ಡು ಕೊಡುವ ಮೊದಲು ಸ್ಟೆಪ್ನಿ ಜಾಗಕ್ಕೆ ಅದು ಹಿಡಿಸುತ್ತದಾ ಅಂತಲೂ ಟೇಪ್ ಹಿಡಿದು ನೋಡಿ.